ಹಿಂಡಲಗಾದ ಚಳಿ

ನಮ್ಮ ತಮ್ಮನ ಮಗನಾದ ಚಿರಂಜೀವಿಯು ಎರಡು ವರ್ಷಗಳಿಂದ ಜಪಾನ ದೇಶದ ಸಪ್ಪೊರೊ ಎಂಬ ನಗರದಲ್ಲಿ ಉದ್ಯೋಗದ ನಿಮಿತ್ತ ಇರುತ್ತಾನೆ. ಆ ದೇಶದ ಉತ್ತರದ ತುದಿಗೆ ಹೊಕ್ಕೈಡೊ ಎಂಬ ದ್ವೀಪವಿದ್ದು, ಅದರ ಮುಖ್ಯ ಪಟ್ಟಣವೇ ಈ ಸಪ್ಪೊರೊ. ಮಾತನಾಡುವುದಕ್ಕೆ ಈಗ ಬೇಕಾದಷ್ಟು ಅನುಕೂಲಗಳಿದ್ದರೂ, ದೊಡ್ಡಪ್ಪನಿಗೆ ಕಾಗದವೇ ಆಗಬೇಕೆಂಬುದನ್ನು ಅರಿತ ಹುಡುಗನಾದುದರಿಂದ, ಆರು ತಿಂಗಳಿಗೊಮ್ಮೆಯಾದರೂ ಕೈಯಾರೆ ಬರೆದು ಕಳಿಸುತ್ತಾನೆ. 2024ನೆಯ ಇಸವಿಯ ದೀಪಾವಳಿ ಮುಗಿದ ಕೆಲವು ವಾರಗಳ ಮೇಲೆ ಅವನದೊಂದು ಕಾಗದ ಬಂದಿತು.

ಅದರಲ್ಲಿ ದೊಡ್ಡ ಸುದ್ದಿ ಯಾವುದೂ ಇರಲಿಲ್ಲ. ಅಲ್ಲಿ ಹಿಮ ಬೀಳಲು ಪ್ರಾರಂಭವಾಗಿದೆ. ಒಂದು ಚಳಿಗಾಲದಲ್ಲಿ ಬೀಳುವ ಹಿಮವನ್ನು ದಿನದಿನದ ಲೆಕ್ಕದಿಂದ ಕೂಡಿಸಿದರೆ ಹದಿನೈದು ಅಡಿಯಷ್ಟಾಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕು ಗಂಟೆಗೇ ಹೊತ್ತು ಮುಳುಗುತ್ತದೆ. ಬೆಳಿಗ್ಗೆ ಎದ್ದವರು ಮೊದಲು ಸಲಿಕೆ ಹಿಡಿದು ತಮ್ಮ ಬಾಗಿಲಿನ ಮುಂದಿನ ಹಿಮವನ್ನು ಸರಿಸಬೇಕು. ಜನರು ಅಂಗಿಯ ಒಳಗೆ ಒಂದು ಸಣ್ಣ ಚೀಲವನ್ನು ಇಟ್ಟುಕೊಳ್ಳುತ್ತಾರಂತೆ. ಅದರೊಳಗಿನದು ಕಬ್ಬಿಣದ ಪುಡಿ. ಗಾಳಿ ತಾಗಿದೊಡನೆ ಆ ಪುಡಿ ತುಕ್ಕು ಹಿಡಿಯತೊಡಗುವುದು; ತುಕ್ಕು ಹಿಡಿಯುವಾಗ ಹುಟ್ಟುವ ಕಾವೇ ತಾಸುಗಟ್ಟಲೆ ಮೈಯನ್ನು ಬೆಚ್ಚಗಿಡುವುದು. ಇದನ್ನು ಓದಿ ಹೇಳಿದಾಗ ನಮ್ಮ ಮನೆಯಾಕೆ, "ಅಯ್ಯ, ನಮ್ಮ ಹಿತ್ತಲದಾಗಿನ ಕುಡಗೋಲ ಇಷ್ಟ ವರ್ಷ ಸುಮ್ಮನ ತುಕ್ಕ ಹಿಡೀತಲ್ರೀ!" ಎಂದು ನಿಟ್ಟುಸಿರುಬಿಟ್ಟಳು. ಮುಂದೆ ಅವನು ಬರೆದದ್ದು ಹೀಗೆ: ಬೀದಿಯ ಮಗ್ಗುಲಲ್ಲಿ ಯಂತ್ರದ ಪೆಟ್ಟಿಗೆಗಳು ನಿಂತಿರುತ್ತವೆ. ನಾಣ್ಯ ಹಾಕಿದರೆ ಬಿಸಿ ಕಾಫಿ ತುಂಬಿದ ತಗಡಿನ ಡಬ್ಬಿ ಹೊರಗೆ ಬೀಳುತ್ತದೆ. ಅದನ್ನು ಅವರು ಒಮ್ಮೆಲೆ ಕುಡಿಯುವುದಿಲ್ಲ. ಮೊದಲು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಅನಂತರ ಕುಡಿಯುತ್ತಾರೆ. ಕಾಗದದ ಕೊನೆಗೆ, "ನಮ್ಮ ಕಡೆ ಚಳಿ ಹ್ಯಾಂಗೈತಿ, ಬರೆಯಿರಿ" ಎಂದು ಕೇಳಿದ್ದ.

ಬಾಗಲಕೋಟೆಯ ನವನಗರದಲ್ಲಿ ಕುಳಿತು ಚಳಿಯ ವಿಷಯ ಬರೆಯುವುದು ನಗೆಪಾಟಲಿನ ಮಾತು. ನಮ್ಮ ಊರಿನಲ್ಲಿ ಚಳಿಯೆಂದರೆ ಮಾರ್ಗಶಿರ ಪುಷ್ಯಗಳ ನಸುಕಿನಲ್ಲಿ ಒಂದು ದುಪ್ಪಟಿಯನ್ನು ಹೆಚ್ಚಾಗಿ ಹೊದೆಯುವುದಷ್ಟೆ. ಆದರೆ ನಮ್ಮ ಮಗಳು ಮತ್ತು ಅಳಿಯಂದಿರು ಒಂದು ವರ್ಷದಿಂದ ಬೆಳಗಾವಿಯ ಹತ್ತಿರದ ಹಿಂಡಲಗಾದಲ್ಲಿ ಬಾಡಿಗೆಯ ಮನೆ ಹಿಡಿದು ಇದ್ದರು. ಮೊಮ್ಮಗನನ್ನು ನೋಡಿಕೊಳ್ಳುವುದಕ್ಕಾಗಿ ಸಂಕ್ರಾಂತಿಯ ವರೆಗೆ ಬಂದಿರಬೇಕೆಂದು ಕರೆಯುತ್ತಲೂ ಇದ್ದರು. ಹುಡುಗನ ಕಾಗದಕ್ಕೆ ಉತ್ತರವನ್ನು ಅಲ್ಲಿಂದಲೇ ಬರೆಯೋಣವೆಂದು ಹೊರಟೆವು. ಮನೆಯಲ್ಲಿ ಎಲ್ಲರಿಗೂ ಹೇಳಿದ್ದು ಇದೇ ಕಾರಣ. ಹೇಳದೆ ಇಟ್ಟುಕೊಂಡದ್ದು ಇನ್ನೊಂದಿತ್ತು.

ನಮ್ಮ ತೀರ್ಥರೂಪರು 1942ನೆಯ ಇಸವಿಯ ಚಳವಳಿಯಲ್ಲಿ ಸೆರೆ ಸಿಕ್ಕು, ಆ ವರ್ಷದ ಕಾರ್ತಿಕದಿಂದ ಮುಂದಿನ ಫಾಲ್ಗುಣದ ತನಕ ಹಿಂಡಲಗಾದ ಸೆರೆಮನೆಯಲ್ಲಿದ್ದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ನಾವು ಹುಡುಗರಿದ್ದಾಗ ಈ ಸಂಗತಿಯ ಬಗೆಗೆ ನಮಗೆ ಬಹಳ ಅಭಿಮಾನ. ಆದರೆ ಅಭಿಮಾನಕ್ಕೆ ತಕ್ಕ ಕಥೆಗಳು ಅವರ ಬಾಯಿಂದ ಹೊರಡುತ್ತಿರಲಿಲ್ಲ. ಲಾಠಿಯ ಏಟು, ಘೋಷಣೆ, ತಂತಿ ಕತ್ತರಿಸಿದ್ದು, ಇವೆಲ್ಲ ಬೇರೆಯವರ ತಂದೆಗಳು ಹೇಳುತ್ತಿದ್ದರು. ನಮ್ಮ ತಂದೆಯವರು ಹೇಳುತ್ತಿದ್ದುದು ಎರಡು ಮೂರೇ ಮಾತುಗಳು. ನಾವು ಥಂಡಿಯೆಂದು ಗೊಣಗಿದರೆ, "ಹಿಂಡಲಗಾದ ಚಳಿ ನೋಡೀರೇನು?" ಎನ್ನುವರು. ಅಂಗಳದ ಗೋಡೆಯ ಮೇಲೆ ಬೆಳಗಿನ ಬಿಸಿಲು ಎಷ್ಟು ತಡವಾಗಿ ಇಳಿಯುತ್ತಿತ್ತು, ಆ ಬಿಸಿಲಿನಲ್ಲಿ ನಿಲ್ಲುವುದಕ್ಕೆ ಒಬ್ಬರು ಇನ್ನೊಬ್ಬರಿಗೆ ಹೇಗೆ ಜಾಗ ಬಿಡುತ್ತಿದ್ದರು ಎಂಬುದನ್ನು ಹೇಳುವರು. ಅಲ್ಲಿಗೆ ಮುಗಿಯಿತು. ನಮಗೆ ಅದು ಕಥೆಯೇ ಅಲ್ಲವೆಂದು ತೋರುತ್ತಿತ್ತು. ಕೇಳಿ ಕೇಳಿ ಬೇಸತ್ತು ಕೇಳುವುದನ್ನೇ ಬಿಟ್ಟೆವು.

1997ನೆಯ ಇಸವಿಯ ಕೊನೆಗೆ, ಅವರಿಗೆ ಎಪ್ಪತ್ತಾರು ವರ್ಷವಾಗಿದ್ದಾಗ, ಒಂದು ದಿನ ಊಟಕ್ಕೆ ಕುಳಿತವರು, "ಒಮ್ಮೆ ಹಿಂಡಲಗಾಕ ಹೋಗಿ ಬರೂಣೇನೋ?" ಎಂದು ಕೇಳಿದರು. ಹೀಗೆ ಅವರು ನಮ್ಮನ್ನು ಏನನ್ನಾದರೂ ಕೇಳುವುದೇ ಅಪರೂಪ. ನಾವು, "ಈಗ ಥಂಡಿ ಭಾಳ, ನಿಮಗ ಕೆಮ್ಮು, ಬ್ಯಾಸಗ್ಯಾಗ ಹೋಗೂಣ" ಎಂದೆವು. ಅವರು ಬಟ್ಟಲನ್ನು ಎತ್ತಿಕೊಂಡು ಸುಮ್ಮನಾದರು. ಆ ಬೇಸಿಗೆಯನ್ನು ಅವರು ಕಾಣಲಿಲ್ಲ. ಶಿವರಾತ್ರಿಗೆ ಮೊದಲೇ ಹೋಗಿಬಿಟ್ಟರು. ಅವರಿಗೆ ನೋಡಬೇಕಾಗಿದ್ದುದು ಊರಲ್ಲ, ಆ ಚಳಿ ಎಂಬುದು ನಮಗೆ ಹೊಳೆಯಬೇಕಾದರೆ ಇಪ್ಪತ್ತೇಳು ವರ್ಷಗಳು ಬೇಕಾದವು. ಈಗ ನಮಗೇ ಎಪ್ಪತ್ತೆರಡು.

ಡಿಸೆಂಬರ ತಿಂಗಳ ಎರಡನೆಯ ವಾರದಲ್ಲಿ ಬಾಗಲಕೋಟೆಯಿಂದ ಬಸ್ಸು ಹತ್ತಿದೆವು. ಲೋಕಾಪುರ, ಯರಗಟ್ಟಿಗಳನ್ನು ದಾಟುವವರೆಗೆ ನಮ್ಮ ನಾಡಿನ ಕಪ್ಪು ಭೂಮಿಯೇ. ಜೋಳ, ಕಡಲೆ, ಅಲ್ಲಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು. ಬೆಳಗಾವಿ ಸಮೀಪಿಸಿದಂತೆ ಮಣ್ಣು ಕೆಂಪಾಗುತ್ತದೆ, ಮರಗಳು ಎತ್ತರವಾಗುತ್ತವೆ, ಗಾಳಿಯ ರುಚಿಯೇ ಬೇರೆಯಾಗುತ್ತದೆ. ಸಾಂಬ್ರಾದ ವಿಮಾನ ನಿಲ್ದಾಣ ದಾಟುವಾಗ ಸಂಜೆ ಐದೂವರೆ. ಕಿಟಕಿಯ ಗಾಜನ್ನು ಯಾರೋ ಎಳೆದು ಮುಚ್ಚಿದರು. ಬಸ್ಸಿನಲ್ಲಿದ್ದ ಹೆಂಗಸರೆಲ್ಲರೂ ಹೇಳಿಕೊಟ್ಟವರಂತೆ ಏಕಕಾಲಕ್ಕೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು. ಬೆಳಗಾವಿ ಬಂದಿತೆಂದು ತಿಳಿಯಲು ಫಲಕದ ಅವಶ್ಯಕತೆಯಿರಲಿಲ್ಲ.

ಸಮುದ್ರಮಟ್ಟಕ್ಕಿಂತ ಸುಮಾರು 2,500 ಅಡಿ ಎತ್ತರದ ಊರಿದು. ಸಹ್ಯಾದ್ರಿಯ ಅಂಚು ಪಶ್ಚಿಮಕ್ಕೆ ಹತ್ತಿರದಲ್ಲಿಯೇ ಇದೆ. ಮಳೆಗಾಲದಲ್ಲಿ ಐವತ್ತು ಅಂಗುಲದಷ್ಟು ಮಳೆ ಸುರಿಯುತ್ತದೆ; ಆ ತೇವವನ್ನು ನೆಲ ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತು ಆಕಾಶ ತಿಳಿಯಾದ ಮೇಲೆ ಹಗಲಿನ ಕಾವೆಲ್ಲ ರಾತ್ರಿ ಮೇಲಕ್ಕೆ ಹಾರಿಹೋಗಿ, ನಸುಕಿಗೆ ಮಂಜು ಕಟ್ಟುತ್ತದೆ. ಸಪ್ಪೊರೊದವರಿಗೆ ಇದು ಚಳಿಯೇ ಅಲ್ಲ. ಅಳಿಯಂದಿರು ತಮ್ಮ ಮೊಬೈಲನ್ನು ನೋಡಿ, "ಇವತ್ತ ಹನ್ನೆರಡು ಡಿಗ್ರಿ, ಮಾವಾರ" ಎಂದು ವರದಿ ಕೊಟ್ಟಾಗ, ಈ ಸಂಖ್ಯೆಯನ್ನು ಜಪಾನಿಗೆ ಬರೆಯಲು ನಮಗೆ ಸ್ವಲ್ಪ ಸಂಕೋಚವೇ ಆಯಿತು. ಆದರೆ ಚಳಿಯೆಂಬುದು ಮನೆಯನ್ನು ಅನುಸರಿಸಿಯೂ ಇರುತ್ತದೆಯಷ್ಟೆ. ಹೊರಗೆ ಹಿಮವಿದ್ದರೂ ತಮ್ಮ ಮನೆಯೊಳಗೆ ಬರಿಯ ಅಂಗಿಯಲ್ಲಿ ಕುಳಿತು ಐಸ್‌ಕ್ರೀಮು ತಿನ್ನುವಷ್ಟು ಬೆಚ್ಚಗಿರುತ್ತದೆಂದು ಹುಡುಗ ಬರೆದಿದ್ದ. ಇಲ್ಲಿ ಹೊರಗೆ ಹನ್ನೆರಡಾದರೆ ಒಳಗೂ ಹನ್ನೆರಡೇ. ಫರಶಿಯ ನೆಲಕ್ಕೆ ಕಾಲಿಟ್ಟರೆ ಇನ್ನೂ ಕಡಿಮೆ.

ಹಿಂಡಲಗಾ ಈಗ ಹೆಸರಿಗೆ ಹಳ್ಳಿ, ನೋಟಕ್ಕೆ ಪಟ್ಟಣದ ತೋಳು. ಬೆಳಗಾವಿಯಿಂದ ವೆಂಗುರ್ಲೆಗೆ ಹೋಗುವ ರಸ್ತೆ ಇದರ ಮೂಲಕವೇ ಹಾಯುತ್ತದೆ. ರೈಲು ಬರುವ ಪೂರ್ವದಲ್ಲಿ ಬೆಳಗಾವಿಗೆ ಸಮುದ್ರದ ಬಾಗಿಲೆಂದರೆ ವೆಂಗುರ್ಲೆಯ ಬಂದರವೇ ಆಗಿದ್ದಿತು. ಈಗ ಆ ದಾರಿಯಲ್ಲಿ ಗೋವೆಗೆ ಹೋಗುವ ಮೋಟಾರುಗಳೂ ಉಚಗಾಂವ, ಸುಳಗಾ ಕಡೆಯ ತರಕಾರಿಯ ಟೆಂಪೋಗಳೂ ಬಿಡುವಿಲ್ಲದೆ ಓಡುತ್ತವೆ. ರಸ್ತೆಯಿಂದ ಎರಡು ಹೆಜ್ಜೆ ಒಳಗೆ ಸರಿದರೆ ಮಾತ್ರ ಹಳ್ಳಿ ಹಾಗೆಯೇ ಇದೆ: ಕೆಂಪು ಹಂಚಿನ ಮನೆಗಳು, ಅಂಗಳದಲ್ಲಿ ತುಳಸೀ ಕಟ್ಟೆ, ಕೊಯ್ದ ಭತ್ತದ ಗದ್ದೆಗಳಲ್ಲಿ ಕೂಳೆ, ಹುಲ್ಲಿನ ಬಣವೆ.

ನಸುಕಿನ ಆರು ಗಂಟೆಗೆ ಬಾಗಿಲು ತೆರೆದರೆ ಎದುರಿನ ಮನೆ ಕಾಣಿಸುವುದಿಲ್ಲ. ಮೊದಲು ಹಾಲಿನವನ ಡಬ್ಬಿಯ ಸಪ್ಪಳ; ಆಮೇಲೆ ಸಪ್ಪಳದ ಹಿಂದಿನಿಂದ ಹಾಲಿನವನು. ತಲೆಗೆ ಮಂಗನ ಟೊಪ್ಪಿಗೆ, ಅದರ ಮೇಲೆ ಒಂದು ಟವೆಲು, ಕಾಲಲ್ಲಿ ಮಾತ್ರ ಬರಿಯ ರಬ್ಬರಿನ ಚಪ್ಪಲಿ. ಈ ಊರಿನವರ ಚಳಿಯೆಲ್ಲ ಕಿವಿಯಲ್ಲಿಯೇ ಇರುತ್ತದೆಂದು ನಮ್ಮ ಶೋಧ. ಕಿವಿ ಮುಚ್ಚಿತೆಂದರೆ ಉಳಿದ ಮೈಯ ಪರಿವೆ ಅವರಿಗಿಲ್ಲ. ನಮಗೂ ಎರಡನೆಯ ದಿನವೇ ಮಗಳು ಒಂದು ಉಣ್ಣೆಯ ಟೊಪ್ಪಿಗೆ ತಂದು ತೊಡಿಸಿದಳು. ಬಾಗಲಕೋಟೆಯಲ್ಲಿ ಇದನ್ನು ಹಾಕಿಕೊಂಡು ತಿರುಗಿದ್ದರೆ ಹುಡುಗರು ಹಿಂಬಾಲಿಸುತ್ತಿದ್ದರು.

ಪಕ್ಕದ ಮನೆಯವರಿಗೆ ತಾಮ್ರದ ಬಂಬವಿದೆ. ಇದನ್ನು ಕಾಣದ ವಾಚಕರಿಗಾಗಿ ಹೇಳಬೇಕೆಂದರೆ, ಇದು ಗುಡಾಣದಂಥ ಎತ್ತರದ ಪಾತ್ರೆ. ನಡುವೆ ಒಂದು ಕೊಳವೆ. ಕೊಳವೆಯೊಳಗೆ ಕಟ್ಟಿಗೆಯ ಚಕ್ಕೆ, ತೆಂಗಿನ ಚಿಪ್ಪುಗಳನ್ನು ಹಾಕಿ ಉರಿ ಮಾಡಿದರೆ ಸುತ್ತಲಿನ ನೀರು ಕಾಯುತ್ತದೆ. ಮನೆಯೊಳಗೆ ವಿದ್ಯುತ್ತಿನ ಯಂತ್ರವಿದ್ದರೂ ಅವರು ಇದನ್ನು ಬಿಟ್ಟಿಲ್ಲ. ಬಿಡದಿರುವುದರ ಕಾರಣ ನಮಗೆ ಎರಡೇ ದಿನಗಳಲ್ಲಿ ತಿಳಿಯಿತು: ನೀರು ಕಾಯಿಸುವುದು ನೆಪ, ಅದರ ಸುತ್ತ ಕುಳಿತುಕೊಳ್ಳುವುದು ಮುಖ್ಯ. ಆರೂವರೆಯಿಂದ ಏಳೂವರೆಯ ತನಕ ಅಲ್ಲಿ ಆ ಓಣಿಯ ಐದಾರು ಜನ ಸೇರುವರು. ಮೂರನೆಯ ದಿನದಿಂದ ನಾವೂ ಸೇರಿದೆವು.

ಆ ಮನೆಯ ಯಜಮಾನಿಗೆ ತೊಂಬತ್ತಕ್ಕೆ ಒಂದೆರಡು ಕಡಿಮೆ. ಮರಾಠಿಯವರು, ಓಣಿಯೆಲ್ಲ "ಆಜಿ" ಎಂದು ಕರೆಯುತ್ತದೆ. ನಮ್ಮ ಮನೆಯಾಕೆಗೆ ಮರಾಠಿ ಬಾರದು. ಆಜಿಗೆ ಕನ್ನಡ ಅಷ್ಟಕ್ಕಷ್ಟೆ. ಮೊದಲನೆಯ ದಿನ ಆಜಿಯು, "ಬಸಾ, ಚಹಾ ಘ್ಯಾ" ಎಂದಳು. ನಮ್ಮವಳು, "ಬ್ಯಾಡ್ರೀ, ಈಗ ಆತು" ಎಂದು ಹೇಳಿ ಕುಳಿತಳು, ಚಹವನ್ನೂ ತೆಗೆದುಕೊಂಡಳು. ಒಂದು ವಾರದೊಳಗೆ ಇಬ್ಬರೂ ಸೊಸೆಯಂದಿರ ವಿಷಯವನ್ನು ಸಾಂಗವಾಗಿ ಚರ್ಚಿಸುವಷ್ಟು ಪ್ರಗತಿ ಹೊಂದಿದ್ದರು. ಈ ಸೀಮೆಯ ಭಾಷೆಯ ಜಗಳವನ್ನು ವರ್ತಮಾನಪತ್ರಗಳಲ್ಲಿ ಓದಿ ಬಂದ ನಾವು ಸ್ವಲ್ಪ ಬಿಗಿಯಾಗಿಯೇ ಇದ್ದೆವು. ಆ ಜಗಳ ಸುಳ್ಳೇನೂ ಅಲ್ಲ. ಆಗಾಗ ಬಸ್ಸುಗಳು ನಿಲ್ಲುತ್ತವೆ, ಫಲಕಗಳಿಗೆ ಮಸಿ ಬೀಳುತ್ತದೆ. ಆದರೆ ಬಂಬದ ಸುತ್ತ ನಾವು ಕೇಳಿದ ಮಾತಿಗೆ ಕನ್ನಡವೆನ್ನಬೇಕೋ ಮರಾಠಿಯೆನ್ನಬೇಕೋ ನಿರ್ಣಯಿಸುವುದು ಪಂಡಿತರಿಗೂ ಕಷ್ಟ. "ಲಯಿ ಥಂಡಿ ಐತಿ" ಎಂದು ಒಬ್ಬನು ಒಂದೇ ಉಸಿರಿನಲ್ಲಿ ಎರಡನ್ನೂ ಮುಗಿಸಿದನು.

ಈ ಚಹದ ವೇಳೆಗೇ ಒಂದು ಸಂಗತಿ ನಡೆಯಿತು. ಆಜಿಯ ಮನೆಯಲ್ಲಿ ಚಹವನ್ನು ಸ್ಟೀಲಿನ ಗ್ಲಾಸಿನಲ್ಲಿ ಕೊಡುತ್ತಾರೆ. ಕೊಟ್ಟೊಡನೆ ಯಾರೂ ಕುಡಿಯುವುದಿಲ್ಲ. ಎರಡೂ ಅಂಗೈಗಳಲ್ಲಿ ಹಿಡಿದು, ಗದ್ದದ ಹತ್ತಿರ ಎತ್ತಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ನಾವೂ ಹಾಗೆಯೇ ಹಿಡಿದೆವು. ಹಿಡಿದವರಿಗೆ ಸಪ್ಪೊರೊದ ತಗಡಿನ ಡಬ್ಬಿ ನೆನಪಾಗಿ ನಗೆ ಬಂದಿತು. ಆಮೇಲೆ ನಗೆ ನಿಂತಿತು. ನಮ್ಮ ತೀರ್ಥರೂಪರು ಚಹದ ಬಟ್ಟಲನ್ನೇ ಆಗಲಿ ಅಂಬಲಿಯ ಬಟ್ಟಲನ್ನೇ ಆಗಲಿ ಜೀವಮಾನವಿಡೀ ಹೀಗೆಯೇ ಹಿಡಿಯುತ್ತಿದ್ದರು. ಚೈತ್ರ ವೈಶಾಖಗಳಲ್ಲಿ, ಬಾಗಲಕೋಟೆಯ ಹಳೆಯ ಊರಿನ ಮನೆಯಲ್ಲಿ, ಗೋಡೆಗಳೇ ಕಾದು ಕುಳಿತಿರುವಾಗಲೂ ಹೀಗೆಯೇ. ನಮ್ಮ ತಾಯಿಯವರು, "ಬ್ಯಾಸಗ್ಯಾಗ ಯಾಕ ಕೈ ಕಾಸ್ಕೋತೀರಿ?" ಎಂದು ಹಾಸ್ಯ ಮಾಡಿದರೆ, ಅವರು ಬಟ್ಟಲನ್ನು ನೋಡಿಕೊಂಡು, ಕೈ ಸಡಿಲಿಸಿ, ಮತ್ತೆ ಮರೆತು ಹಾಗೆಯೇ ಹಿಡಿಯುವರು. ಅದೊಂದು ಚಾಳಿಯೆಂದು ಮನೆಯವರೆಲ್ಲರೂ ತಿಳಿದಿದ್ದೆವು. ಆ ಮನೆ ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ.

ಹಗಲು ಹತ್ತು ಗಂಟೆಯ ಮೇಲೆ ಊರು ಬೇರೆಯೇ ಆಗುತ್ತದೆ. ಬಿಸಿಲು ಹಾಲಿನಂತೆ ಮೃದುವಾಗಿರುತ್ತದೆ; ಹೆಂಗಸರು ಅಂಗಳದಲ್ಲಿ ಕುಳಿತು ಅಕ್ಕಿ ಆರಿಸುವರು, ಮುದುಕರು ಬಿಸಿಲಿನ ಜೊತೆಗೆ ಕಟ್ಟೆಯಿಂದ ಕಟ್ಟೆಗೆ ಸರಿಯುವರು. ಮೊಮ್ಮಗನನ್ನು ಶಾಲೆಗೆ ಬಿಟ್ಟ ಮೇಲೆ ನಾವು ಕ್ಯಾಂಪಿನ ದಾರಿಯಲ್ಲಿ ನಡೆಯುತ್ತ ಪಟ್ಟಣಕ್ಕೆ ಹೋಗುತ್ತಿದ್ದೆವು. ಹಿಂಡಲಗಾದ ಗಣಪತಿಯ ಗುಡಿಗೆ ಕೈಮುಗಿದು ಮುಂದೆ ಹೋದರೆ ಕ್ಯಾಂಪು. ವಿಶಾಲವಾದ ಹಳೆಯ ಬಂಗಲೆಗಳು, ದೊಡ್ಡ ಮರಗಳ ನೆರಳು. ಮರಾಠಾ ಲಘು ಪದಾತಿದಳದ ತರಬೇತಿಯ ಕೇಂದ್ರ ಇಲ್ಲಿಯೇ ಇರುವುದರಿಂದ ಎಳೆಯ ಸಿಪಾಯಿಗಳು ಬೆಳಿಗ್ಗೆ ಗುಂಪಾಗಿ ಓಡುತ್ತಿರುತ್ತಾರೆ. ಅವರ ಮೈಯಿಂದ ಚಳಿಯಲ್ಲಿ ಹಬೆ ಏಳುವುದನ್ನು ನೋಡಿ ನಮ್ಮ ಮನೆಯಾಕೆ, "ಯಾರ ಮಕ್ಕಳೋ ಏನೋ, ಕಿವಿಗೊಂದು ಅರಿವಿ ಸೈತ ಇಲ್ಲ" ಎಂದು ನೊಂದುಕೊಂಡಳು. ಅವಳೂ ಆಗಲೇ ಹಿಂಡಲಗಾದವಳಾಗಿದ್ದಳು.

ಪಟ್ಟಣದ ಪೇಟೆಯಲ್ಲಿ ಚಳಿಗಾಲದ ಸೊಬಗನ್ನು ತರಕಾರಿಯಲ್ಲಿಯೇ ನೋಡಬೇಕು. ಹೂಕೋಸು, ಗಜ್ಜರಿ, ಹಸಿ ಬಟಾಣಿ, ಮೂಲಂಗಿ. ಎಲ್ಲದರ ಮೇಲೂ ನೀರ ಹನಿ. ಇದರಲ್ಲಿ ಬಹುಭಾಗ ಘಟ್ಟ ಇಳಿದು ಗೋವೆಯ ಅಡಿಗೆಮನೆಗಳನ್ನು ಸೇರುತ್ತದೆ. ಗೆಣಸಿನ ಚೀಲಗಳಂತೂ ಗುಡ್ಡದಂತೆ ಬಿದ್ದಿದ್ದವು. ಈ ಕೆಂಪು ಮಣ್ಣಿನ ಗೆಣಸು, ಬೆಳಗಾವಿ ಖಾನಾಪುರಗಳ ಹಳ್ಳಿಗಳಿಂದ ಬರುವಂಥದು, ದೂರದ ಉತ್ತರ ಹಿಂದುಸ್ತಾನದ ವರೆಗೆ ಹೋಗುತ್ತದೆ. ಅಕ್ಕಿಯ ಅಂಗಡಿಯವರು ಯಳ್ಳೂರ ಕಡೆಯ ಹೊಸ ಬಾಸುಮತಿಯನ್ನು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದರು, ಕೊಳ್ಳದೆ ಬರಲಾಗಲಿಲ್ಲ. ಕುಂದಾದ ಅಂಗಡಿಗಳ ಹಿಂದುಗಡೆ ದೊಡ್ಡ ಕಡಾಯಿಯಲ್ಲಿ ಹಾಲು ಕುದಿದು ಕುದಿದು ಕಂದುಬಣ್ಣಕ್ಕೆ ತಿರುಗುತ್ತಿರುತ್ತದೆ. ಕುಂದಾವನ್ನು ಎಲ್ಲ ಊರುಗಳಿಗೂ ಡಬ್ಬಿಯಲ್ಲಿ ಒಯ್ಯುತ್ತಾರೆ, ನಾವೂ ತಿಂದಿದ್ದೇವೆ. ಆದರೆ ಚಳಿಯ ಸಂಜೆಯಲ್ಲಿ ಕಡಾಯಿಯಿಂದ ಇಳಿಸಿದ್ದನ್ನು ಬಿಸಿಯಾಗಿ ಎಲೆಯ ಮೇಲೆ ಹಾಕಿಸಿಕೊಂಡು ತಿನ್ನುವುದು ಬೇರೆಯೇ ಪದಾರ್ಥ. ವೈದ್ಯರು ನಮಗೆ ಸಕ್ಕರೆಯನ್ನು ನಿಷೇಧಿಸಿದ್ದಾರೆ. ಈ ಲೇಖನ ಅವರ ಕಣ್ಣಿಗೆ ಬೀಳದಿರಲಿ.

ಆ ತಿಂಗಳು ಪಟ್ಟಣದಲ್ಲಿ ಎರಡು ಬಗೆಯ ಗದ್ದಲವಿದ್ದಿತು. ಒಂದು, ಸರಕಾರದ್ದು. 2012ರಲ್ಲಿ ತೆರೆದ ಸುವರ್ಣ ವಿಧಾನಸೌಧದಲ್ಲಿ ಡಿಸೆಂಬರ 9ರಿಂದ ಚಳಿಗಾಲದ ಅಧಿವೇಶನ. ಬೆಂಗಳೂರಿನಿಂದ ಬಂದ ಅಧಿಕಾರಿಗಳು ಹೊಸ ಶಾಲುಗಳನ್ನು ಕೊಳ್ಳುತ್ತಿದ್ದುದನ್ನು ಕಂಡೆವು. ಹೊರಗೆ ಬಯಲಿನಲ್ಲಿ ತಮ್ಮ ತಮ್ಮ ಬೇಡಿಕೆಗಳನ್ನು ತಂದವರು ಡೇರೆಗಳಲ್ಲಿ ಕಂಬಳಿ ಹೊದ್ದು ಮಲಗುತ್ತಿದ್ದರು. ಇನ್ನೊಂದು, ಶತಮಾನೋತ್ಸವದ್ದು. 1924ನೆಯ ಡಿಸೆಂಬರ 26, 27ರಂದು ಗಾಂಧೀಜಿಯವರು ಇದೇ ಊರಿನಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದರು. ಅವರು ಅಧ್ಯಕ್ಷರಾದದ್ದು ಅದೊಂದೇ ಸಲ. ಗಂಗಾಧರರಾವ ದೇಶಪಾಂಡೆಯವರ ಮುಂದಾಳುತನದಲ್ಲಿ ಟಿಳಕವಾಡಿಯ ಬಯಲಿನಲ್ಲಿ ಎದ್ದ ಆ ಬಿಡಾರಕ್ಕೆ ವಿಜಯನಗರವೆಂದೂ, ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂದೂ ಹೆಸರಿಟ್ಟಿದ್ದರು. ಆ ಬಾವಿ ಈಗಲೂ ಇದೆ. ಕಾಂಗ್ರೆಸ್ ಬಾವಿ ಎನ್ನುತ್ತಾರೆ. ನಾವು ಹೋದ ಸಂಜೆ ಬೀದಿಗಳೆಲ್ಲ ದೀಪಗಳಿಂದ ಜಗಜಗಿಸುತ್ತಿದ್ದವು. ನೂರು ವರ್ಷಗಳ ಕೆಳಗೆ ಮದ್ರಾಸು, ಬಂಗಾಲಗಳಿಂದ ಬಂದ ಪ್ರತಿನಿಧಿಗಳು ಈ ಥಂಡಿಯಲ್ಲಿ ಬಯಲಲ್ಲಿ ಹೇಗೆ ಮಲಗಿದರೋ ಎಂದು ಮನೆಯಾಕೆ ವಿಚಾರಿಸುತ್ತಿದ್ದಳು. ಇತಿಹಾಸದ ಪುಸ್ತಕಗಳಲ್ಲಿ ನಿರ್ಣಯಗಳು ಇರುತ್ತವೆ, ಹೊದಿಕೆಯ ಲೆಕ್ಕವಿರುವುದಿಲ್ಲ. 26ರ ರಾತ್ರಿ ಮಾಜಿ ಪ್ರಧಾನಿ ಮನಮೋಹನ ಸಿಂಗರು ತೀರಿಕೊಂಡ ಸುದ್ದಿ ಬಂದು, ಮರುದಿನದ ದೊಡ್ಡ ಸಭೆ ನಿಂತುಹೋಯಿತು.

ಇಷ್ಟೆಲ್ಲ ತಿರುಗಾಡಿದರೂ, ಮನೆಗೆ ಅಷ್ಟು ಸಮೀಪದಲ್ಲಿರುವ ಸೆರೆಮನೆಯ ಕಡೆಗೆ ಹದಿನೈದು ದಿನ ನಮ್ಮ ಕಾಲು ಏಳಲಿಲ್ಲ. 1923ರಲ್ಲಿ ಸ್ಥಾಪನೆಯಾದ ಸೆರೆಮನೆಯದು. ವರಕವಿ ಬೇಂದ್ರೆಯವರು 'ನರಬಲಿ' ಎಂಬ ಕವಿತೆಯ ನಿಮಿತ್ತ 1932ರಲ್ಲಿ ಇಲ್ಲಿಯೇ ಇದ್ದರು. ಮುಂದೆ 1942ರಲ್ಲಿ ಈ ಸೀಮೆಯ ಎಷ್ಟೋ ಮನೆಗಳ ಹುಡುಗರು ಬಂದರು. ಒಳಗೆ ಹೋಗಲು ಅಪ್ಪಣೆ ಬೇಡೋಣವೆಂದು ಅಳಿಯಂದಿರು ಸೂಚಿಸಿದರು. ಬೇಡವೆಂದೆವು. ಒಳಗೆ ಹೋಗಿ ಯಾವ ಗೋಡೆಯನ್ನು ಇದೇ ಎಂದು ಗುರುತಿಸುವುದು? ಗುರುತಿಸಬಲ್ಲವರು ಕೇಳಿದಾಗ ನಾವು ಬೇಸಿಗೆಯ ಮಾತಾಡಿದ್ದೆವು.

ಹೊಸ ವರ್ಷದ ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹೋದೆವು. ಮಂಜು ಇನ್ನೂ ಹರಿದಿರಲಿಲ್ಲ. ಬಾಗಿಲಿನಿಂದ ಸ್ವಲ್ಪ ದೂರದಲ್ಲಿ, ಒಳಗಿನವರನ್ನು ಕಾಣಲು ಬಂದ ಬಂಧುಗಳು ಆಗಲೇ ಕಾಯುತ್ತಿದ್ದರು: ಗಂಟು ಹಿಡಿದ ಹೆಂಗಸರು, ಉಣ್ಣೆಯ ಟೊಪ್ಪಿಗೆಯ ಒಂದು ಕೂಸು, ಅಥಣಿಯ ಕಡೆಯವನೆಂದು ಮಾತಿನಿಂದ ತಿಳಿಯುವ ಒಬ್ಬ ಮುದುಕ. ರಸ್ತೆಯ ಅಂಚಿನ ಒಂದು ಕಲ್ಲಿನ ಮೇಲೆ ಮಾತ್ರ ಮರಗಳ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಆತ ಅಲ್ಲಿ ಕುಳಿತಿದ್ದ. ನಾವು ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ನಿಂತದ್ದನ್ನು ನೋಡಿ ಪಕ್ಕಕ್ಕೆ ಸರಿದ.

"ಈ ಕಡೆ ಬರ್ರಿ ಯಜಮಾನ್ರ, ಬಿಸಲ ಇಲ್ಲೈತಿ."

ಕುಳಿತೆವು. ಸ್ವಲ್ಪ ಹೊತ್ತಿನ ಮೇಲೆ ಆತ ಕೇಳಿದ:

"ಒಳಗ ನಿಮ್ಮ ಮಗಾ ಏನ್ರಿ?"

"ಅಲ್ಲ, ನಮ್ಮ ತಂದಿ."

ಆತ ನಮ್ಮ ಬಿಳಿಯ ಕೂದಲನ್ನು ಒಮ್ಮೆ, ಬಾಗಿಲನ್ನು ಒಮ್ಮೆ ನೋಡಿದ. ಈ ವಯಸ್ಸಿನವನ ತಂದೆಯ ವಯಸ್ಸೆಷ್ಟು, ಅಂಥವನು ಎಂಥ ಅಪರಾಧ ಮಾಡಿರಬೇಕು ಎಂದು ಲೆಕ್ಕ ಹಾಕುತ್ತಿರುವುದು ಸ್ಪಷ್ಟವಾಗಿಯೇ ಕಾಣುತ್ತಿದ್ದಿತು. ಕಡೆಗೆ ಮೆಲ್ಲನೆ, "ಯಾವ ಕೇಸಿನ್ಯಾಗ್ರಿ?" ಎಂದ.

"ಬ್ರಿಟಿಶ್ ಸರಕಾರದ ಕೇಸಿನ್ಯಾಗ. ನಲವತ್ತೆರಡರಾಗ. ಬಿಟ್ಟು ಎಂಬತ್ತೆರಡ ವರ್ಷ ಆತು."

ನಗುವನೆಂದು ತಿಳಿದಿದ್ದೆವು. ಆತ ನಗಲಿಲ್ಲ. "ಹಂಗಾರ ಭಾಳ ತಡಾ ಮಾಡಿ ಬಂದ್ರಿ" ಎಂದ. ಅವನಿಗೆ ಅದರಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಸುಮ್ಮನೆ ಇದ್ದುದನ್ನು ಹೇಳಿದ. ನಾವು ಹೌದೆಂದೆವು. ಅವನ ಮಗನ ವಿಷಯವನ್ನು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಗಂಟಿನಿಂದ ಸುಟ್ಟ ಗೆಣಸು ತೆಗೆದು ಅರ್ಧ ಮುರಿದು ಕೊಟ್ಟ, ಇನ್ನೂ ಬೆಚ್ಚಗಿತ್ತು. ಬಿಸಿಲು ಕಲ್ಲಿನ ಮೇಲಿಂದ ಸರಿದಂತೆ ಇಬ್ಬರೂ ಸರಿದು ಕುಳಿತೆವು. ಆ ಕೂಸಿನ ತಾಯಿ ನಿಂತೇ ಇದ್ದುದನ್ನು ನೋಡಿ, ನಾವೆದ್ದು ಅವಳಿಗೆ ಜಾಗ ಬಿಟ್ಟೆವು. ಸಿಪಾಯಿಯೊಬ್ಬ ಬಂದು, "ಯಾರನ್ನ ಭೇಟ್ಟಿ ಆಗಬೇಕ್ರಿ?" ಎಂದು ಕೇಳಿದಾಗ, ಯಾರನ್ನೂ ಇಲ್ಲವೆಂದು ಹೇಳಿ ಮನೆಗೆ ಬಂದೆವು.

ಮರುದಿನ ಬಂಬದ ಮುಂದೆ ಆಜಿಗೆ ಇದನ್ನು ತಿಳಿಸಿದೆವು. ಆಜಿ ತನ್ನ ಕಾಲದ್ದನ್ನು ಹೇಳಿದಳು: "ನಾ ಲಗ್ನಾಗಿ ಬಂದಾಗ ರಾತ್ರಿ ಜೇಲದ ತಾಸ ಕೇಳತಿತ್ತ. ಮನ್ಯಾಗ ಘಡ್ಯಾಳ ಕುಠೆ? ಆ ತಾಸ ಬಡೀತಂದ್ರ ಏಳೂದು, ಬೀಸಾಕ ಕೂಡೂದು." ಒಳಗಿದ್ದವರಿಗೆ ಕಾಲವನ್ನು ಎಣಿಸಿದ ಗಂಟೆಯೇ ಹೊರಗಿದ್ದ ಸೊಸೆಯಂದಿರನ್ನು ಎಬ್ಬಿಸುತ್ತಿದ್ದಿತು. ನಮ್ಮ ಮನೆಯಲ್ಲಿ ಬಡಿಯುವ ಗಡಿಯಾರ ಎಂದೂ ಇರಲಿಲ್ಲ. ಆದರೂ ತೀರ್ಥರೂಪರು ರಾತ್ರಿ ಎಚ್ಚರಾದಾಗಲೆಲ್ಲ ಕತ್ತಲೆಯಲ್ಲಿಯೇ, "ಎಷ್ಟ ತಾಸ ಬಡೀತು?" ಎಂದು ಕೇಳುತ್ತಿದ್ದರು. ನಾವು ನಿದ್ದೆಗಣ್ಣಿನಲ್ಲಿ ಬಾಯಿಗೆ ಬಂದುದನ್ನು ಹೇಳುತ್ತಿದ್ದೆವು; ಅವರು ಸರಿಯೆಂದು ಮಲಗುತ್ತಿದ್ದರು.

ಜನವರಿ 13ಕ್ಕೆ ಭೋಗಿ. ಆಜಿಯ ಮನೆಯಿಂದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಅವರೆ, ಗಜ್ಜರಿ, ಬದನೆಕಾಯಿ, ಹಸಿ ಕಡಲೆಗಳನ್ನೆಲ್ಲ ಕೂಡಿಸಿ ಮಾಡಿದ ಪಲ್ಯ ಬಂದಿತು. ನಮ್ಮ ಮನೆಯಿಂದಲೂ ಸರಿಯಾಗಿ ಅವೇ ಪದಾರ್ಥಗಳು ಅವರ ಮನೆಗೆ ಹೋದವು. ಹೆಸರು ಮಾತ್ರ ಎರಡು ಭಾಷೆಯಲ್ಲಿ. ಯಾರ ಪಲ್ಯಕ್ಕೆ ಉಪ್ಪು ಹೆಚ್ಚಾಗಿದ್ದಿತೆಂಬುದನ್ನು ಇಲ್ಲಿ ಬರೆಯುವುದು ವಿವೇಕವಲ್ಲ. ಸಂಕ್ರಾಂತಿಯ ಸಂಜೆ ಮೊಮ್ಮಗನು ಓಣಿಯ ಮನೆಮನೆಗೂ ಹೋಗಿ ಎಳ್ಳುಬೆಲ್ಲ ಕೊಟ್ಟು, ಎರಡೂ ಭಾಷೆಯಲ್ಲಿ ಒಳ್ಳೆಯ ಮಾತು ಆಡಿರೆಂದು ಹೇಳಿ ಬಂದನು.

ಅದೇ ರಾತ್ರಿ ಸಪ್ಪೊರೊಗೆ ಕಾಗದ ಬರೆದು ಮುಗಿಸಿದೆವು. ಹನ್ನೆರಡು ಡಿಗ್ರಿಯನ್ನು ಬರೆಯಲಿಲ್ಲ. ಬಂಬ, ಹಾಲಿನವನ ಟೊಪ್ಪಿಗೆ, ಸಿಪಾಯಿಗಳ ಮೈಯ ಹಬೆ, ಅಥಣಿಯವನು ಕೊಟ್ಟ ಗೆಣಸು, ಇಷ್ಟನ್ನು ಬರೆದೆವು. ಜಪಾನಿನಲ್ಲಿಯೂ ಚಳಿಗಾಲದಲ್ಲಿ ಕಾದ ಹರಳುಗಳ ಮೇಲೆ ಗೆಣಸು ಸುಟ್ಟು ಗಾಡಿಯಲ್ಲಿ ಮಾರುತ್ತಾರೆಂದು ಅವನೇ ಹಿಂದೊಮ್ಮೆ ತಿಳಿಸಿದ್ದನು. ಅವನ ಅಜ್ಜ ಬಟ್ಟಲನ್ನು ಹಿಡಿಯುತ್ತಿದ್ದ ರೀತಿಯನ್ನೂ ಬರೆದೆವು. ಅಜ್ಜ ಹೋದ ಮೇಲೆ ಹುಟ್ಟಿದ ಹುಡುಗ ಅವನು, ನೋಡಿರಲಿಲ್ಲ.

ಎರಡು ದಿನಗಳ ಮೇಲೆ ಊರಿಗೆ ಹೊರಟೆವು. ಆಜಿಯು ಐದು ಸೇರು ಹೊಸ ಅಕ್ಕಿಯನ್ನೂ ಒಂದು ಚೀಲ ಗೆಣಸನ್ನೂ ಕಳಿಸಿದಳು. ಬೇಡವೆಂದರೆ ಅರ್ಥವಾಗದವಳಂತೆ ನಟಿಸಿದಳು. ಬಸ್ಸು ಸಾಂಬ್ರಾ ದಾಟುವಾಗ ಮಂಜು ಹೊಲಗಳ ಮೇಲೆ ಬಿಳಿಯಾಗಿ ಮಲಗಿದ್ದಿತು. ಯರಗಟ್ಟಿಯಲ್ಲಿ ಟೊಪ್ಪಿಗೆಯನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡೆವು, ಲೋಕಾಪುರದಲ್ಲಿ ಸ್ವೆಟರನ್ನು. ಅಲ್ಲಿಯ ಚಹದ ಅಂಗಡಿಯ ಮುಂದೆ ಬಸ್ಸು ಹತ್ತು ನಿಮಿಷ ನಿಂತಿತು. ಬಿಸಿಲು ಚೆನ್ನಾಗಿ ಏರಿದ್ದಿತು. ನಮ್ಮ ಮನೆಯಾಕೆ ಗ್ಲಾಸನ್ನು ನಮ್ಮ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ನೋಡಿ, "ಇನ್ನ ಕುಡೀರಿ, ಬಸ್ ಬಿಡತೈತಿ" ಎಂದಳು.